ಜ್ವರ ಬಿಟ್ಟ ಮೇಲಿನ ಹೊಟ್ಟೆ

ಅಳಿಯಾ,

ನಿನ್ನೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದೆವು. ಅಷ್ಟರಲ್ಲಿ ನೀನು ಏಳು ಸಲ ತೇಗಿದೆ, ನಾನು ಎಣಿಸಿದೆ. "ಜ್ವರ ಬಿಟ್ಟು ಮೂರು ವಾರ ಆತು ಮಾವಾ, ಈಗ ಏನಿಲ್ಲ, ಸ್ವಲ್ಪ ಗ್ಯಾಸು, ಅಷ್ಟ" ಅಂದೆ. ನಿನ್ನ ಹಿಂದಿನಿಂದ ಯಾರೋ "ಅರ್ಧ ರೊಟ್ಟಿಗೇ ಸಾಕನ್ನಾಕತ್ತಾನ ಇವ" ಅಂತ ನಕ್ಕಿದ್ದೂ ಕೇಳಿಸಿತು. ವೆರ್ಣಾದ ಆ ಗುಡ್ಡದ ಮೇಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹದಿನೆಂಟು ವರ್ಷ ಶಿಫ್ಟ್ ಮಾಡಿ ರೋಣಕ್ಕೆ ಮರಳಿದವನು ನಾನು. ನಿನ್ನ ಆ ‘ಅಷ್ಟ’ದೊಳಗೆ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಫೋನಿನಲ್ಲಿ ಹೇಳಿದರೆ ಹೂಂ ಅಂದು ಮರೆಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ಗ್ಯಾಸ್ ಅನ್ನುವ ಮಾತು ಬಿಡು. ನಮ್ಮ ಜನ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ಬಿಗಿಯುವುದು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗ್ಯಾಸ್ ಅನ್ನುತ್ತಾರೆ. ಎದೆಯುರಿ ಆಸಿಡ್ ಮೇಲೆ ಬರುವುದರಿಂದ. ಅನ್ನನಾಳ ಹೊಟ್ಟೆಗೆ ಕೂಡುವಲ್ಲಿ ಒಂದು ಸ್ನಾಯುವಿನ ಉಂಗುರವಿದೆ, ನಮ್ಮ ಅಮ್ಮನ ಎಲೆಯಡಿಕೆ ಸಂಚಿಯ ದಾರದ ಹಾಗೆ. ಅದು ಸಡಿಲಾದರೆ ಒಳಗಿನ ಹುಳಿ ಮೇಲೇರುತ್ತದೆ. ಅರ್ಧ ರೊಟ್ಟಿಗೇ ಸಾಕೆನಿಸುವುದು ಬೇರೆ: ಅಲ್ಲಿ ಹೊಟ್ಟೆಯೇ ಮಂದವಾಗಿದೆ, ತಿಂದದ್ದನ್ನು ಕೆಳಗೆ ದೂಡುತ್ತಿಲ್ಲ. ವೈರಸ್ ಜ್ವರ, ಅದರಲ್ಲೂ ನಿನಗಾದ ಹಾಗೆ ವಾಂತಿಭೇದಿಯೊಂದಿಗೆ ಬಂದದ್ದು, ಹೊಟ್ಟೆಯನ್ನು ನಡೆಸುವ ನರಗಳನ್ನು ಕೆಲಕಾಲ ಸುಸ್ತು ಮಾಡಬಲ್ಲದು. ಮೈಬಿಸಿ ಐದು ದಿನಕ್ಕೆ ಇಳಿದರೂ ಈ ಮಂದ ಕೆಲವರಲ್ಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಹಳ ಮಂದಿಗೆ ತಾನಾಗಿಯೇ ಸರಿಹೋಗುತ್ತದೆ. ಕೆಡಿಸುವುದು ನಮ್ಮ ಅವಸರ.

ನಾನು ಕೆಡಿಸಿಕೊಂಡದ್ದು ಹೇಗೆಂದು ಕೇಳು. 2006ರಲ್ಲಿ ರಜೆಗೆ ಊರಿಗೆ ಬಂದಾಗ ಚಿಕುನ್‌ಗುನ್ಯಾ ಹತ್ತಿತು. ಆ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಮನೆಗೊಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆಸರು ಕೇಳಿ ಕೋಳಿಯಿಂದ ಬರುವ ರೋಗವೆಂದು ತಿಳಿದವರು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಅದಕ್ಕೂ ಕೋಳಿಗೂ ಸಂಬಂಧವಿಲ್ಲ, ಬಾಗಿಸಿಬಿಡುವುದು ಅನ್ನುವ ಅರ್ಥದ ಆಫ್ರಿಕಾದ ಮಾತು ಅದು. ನನ್ನನ್ನೂ ಬಾಗಿಸಿತು. ಜ್ವರ ಹೋಯಿತು, ಕೀಲುನೋವು ಹೋಗಲಿಲ್ಲ. ಡ್ಯೂಟಿ ತಪ್ಪಿದರೆ ಪಗಾರ ಕಟ್. ಒಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫೆನಾಕ್ ತಗೊಂಡು ದಿನಕ್ಕೆ ಎರಡು, ಕೆಲವು ದಿನ ಮೂರು, ಬರೇ ಚಹಾದ ಮೇಲೆ ನುಂಗಿದೆ. ಎರಡು ತಿಂಗಳಿಗೆ ಹೊಟ್ಟೆಯಲ್ಲಿ ಒಲೆ ಹೊತ್ತಿತು. ಆ ಒಲೆ ಆರಿಸಲು ಮತ್ತೊಂದು ಮಾತ್ರೆ. ಈ ನೋವಿನ ಮಾತ್ರೆಗಳು ನೋವು ಹುಟ್ಟಿಸುವ ವಸ್ತುವಿನೊಂದಿಗೆ ಹೊಟ್ಟೆಯ ಒಳಪದರವನ್ನು ಕಾಯುವ ವಸ್ತುವನ್ನೂ ತಡೆಯುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹೇಳಿದ ಡಾಕ್ಟರು ಬೈದು ಹೇಳಿದರು. ನೀನೂ ಮೈಕೈ ನೋವಿಗೆ ಬ್ರೂಫೆನ್ ನುಂಗಿ ಡ್ಯೂಟಿಗೆ ಹೋದೆಯಂತೆ. ಇನ್ನು ಬೇಡ. ಮಳೆಗಾಲದ ಜ್ವರ ಡೆಂಗ್ಯೂ ಇದ್ದರಂತೂ ಬ್ರೂಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಜ್ವರಕ್ಕೆ ಪ್ಯಾರಸಿಟಮಾಲ್, ಅದೂ ಹೇಳಿದಷ್ಟೇ. ಇಲಿಜ್ವರದ ಅನುಮಾನದಲ್ಲಿ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ಕೊಟ್ಟರೆ ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ತಾಸು ಕೂತಿರು. ಒಂದು ಗುಟುಕು ನೀರು ಕುಡಿದು ಅಡ್ಡಾದರೆ ಅದು ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಹುಣ್ಣು ಮಾಡುತ್ತದೆ.

ಈಗ ನೀನು ನುಂಗುವ ಆ ಹಳದಿ ಮಾತ್ರೆಯ ವಿಷಯ. ನನಗೆ ನಗು ಬರುವುದು ಇಲ್ಲೇ. ಔಷಧ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ದಿನಕ್ಕೆ ಎಷ್ಟು ಸಾವಿರ ಮಾತ್ರೆ ನಿನ್ನ ಕಣ್ಣ ಮುಂದೆ ಹರಿಯುತ್ತವೋ, ಆದರೂ ಪ್ಯಾಂಟೊಪ್ರಜೋಲ್ ಯಾವಾಗ ನುಂಗಬೇಕು ಗೊತ್ತಿಲ್ಲ. ಊಟವಾದ ಮೇಲೆ ಉರಿ ಬಂದಾಗ ನುಂಗುತ್ತೀಯಂತೆ! ಕೋಟಿಂಗ್ ಸೆಕ್ಷನ್ನಿನವರನ್ನು ಕೇಳು, ಆ ಹೊದಿಕೆ ಯಾಕೆ ಅಂತ. ಹೊಟ್ಟೆಯ ಆಸಿಡ್ಡಿನಲ್ಲಿ ಔಷಧ ಹಾಳಾಗಬಾರದು, ಕರುಳಿಗೆ ಹೋಗಿ ಕರಗಿ, ರಕ್ತದ ಮೂಲಕ ತಿರುಗಿ ಬಂದು ಆಸಿಡ್ ಸುರಿಸುವ ಪಂಪುಗಳನ್ನು ಮುಚ್ಚಬೇಕು. ಅದಕ್ಕೇ ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ಆ ಪಂಪುಗಳು ಊಟ ಬಂದಾಗ ಚಾಲೂ ಆಗುತ್ತವೆ, ಚಾಲೂ ಇದ್ದಾಗಲೇ ಔಷಧ ಅವನ್ನು ಹಿಡಿಯುತ್ತದೆ. ಆದ್ದರಿಂದ ಊಟಕ್ಕೆ ಅರ್ಧ ತಾಸು ಮೊದಲು. ಬೆಳಿಗ್ಗೆ ನುಂಗು ಅಂದಿದ್ದರೆ, ನೈಟ್ ಶಿಫ್ಟಿನವನಿಗೆ ಅದು ಗಡಿಯಾರದ ಬೆಳಿಗ್ಗೆಯಲ್ಲ, ಎದ್ದ ಮೇಲಿನ ಮೊದಲ ಊಟಕ್ಕೆ ಮುಂಚೆ. ಡಾಕ್ಟರು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಹೇಳುತ್ತಾರೆ. ನಾನು ಹೇಳದೆ ಕೇಳದೆ ಒಂದೂವರೆ ವರ್ಷ ನುಂಗಿದೆ. ಒಂದು ದಿನ ಥಟ್ಟನೆ ನಿಲ್ಲಿಸಿದಾಗ ಉರಿ ಮೊದಲಿಗಿಂತ ಜೋರಾಗಿ ಬಂತು. ರೋಗ ತಿರುಗಿತು ಅಂತ ಹೆದರಿದೆ. ಅದು ರೋಗವಲ್ಲ, ಬಹಳ ದಿನ ಮುಚ್ಚಿದ್ದ ಪಂಪುಗಳು ಒಮ್ಮೆಗೇ ತೆರೆದದ್ದು. ಮೆಲ್ಲಗೆ ಕಡಿಮೆ ಮಾಡಿದ್ದರೆ ಆ ಪಾಡು ಇರುತ್ತಿರಲಿಲ್ಲ.

ಮಾತ್ರೆಗಿಂತ ದೊಡ್ಡ ಔಷಧ ನೀನು ಮಲಗುವ ರೀತಿ. ಬಿ ಶಿಫ್ಟ್ ಮುಗಿಸಿ ರಾತ್ರಿ ಹನ್ನೆರಡಕ್ಕೆ ಬಂದು, ಮಿರ್ಚಿ ಭಜಿ ಪಾವ್ ತಿಂದು, ಮೊಬೈಲ್ ಹಿಡಿದು ಉರುಳುವುದು ನನಗೂ ಗೊತ್ತಿದೆ, ನಾನೂ ಉರುಳಿದವನೇ. ಅಷ್ಟು ಆಳದ ಹಸಿವಿಗೆ ಬೇರೆ ಏನು ಸಿಗುತ್ತದೆ ಆ ಹೊತ್ತಿನಲ್ಲಿ? ದೊಡ್ಡ ಊಟವನ್ನು ಡ್ಯೂಟಿಗೆ ಮೊದಲು ಮುಗಿಸು, ರಾತ್ರಿ ಎಂಟರ ಬಿಡುವಿನಲ್ಲಿ ಡಬ್ಬಿ ಬಿಚ್ಚು, ರೂಮಿಗೆ ಬಂದ ಮೇಲೆ ಏನಾದರೂ ಮೆತ್ತಗಿನದು ಎರಡು ತುತ್ತು ಸಾಕು. ಊಟಕ್ಕೂ ನಿದ್ದೆಗೂ ನಡುವೆ ಮೂರು ತಾಸು ಬೇಕು. ಎಡಮಗ್ಗುಲಾಗಿ ಮಲಗಿದರೆ ಹೊಟ್ಟೆಯ ಹುಳಿ ಆ ಉಂಗುರಕ್ಕಿಂತ ಕೆಳಗೆ ನಿಲ್ಲುತ್ತದೆ. ತಲೆದಿಂಬು ಎರಡು ಇಟ್ಟರೆ ಪ್ರಯೋಜನವಿಲ್ಲ, ಕತ್ತು ಬಾಗಿ ಹೊಟ್ಟೆ ಮಡಚುತ್ತದೆ ಅಷ್ಟೇ. ಮಂಚವಿದ್ದರೆ ತಲೆಯ ಕಡೆಯ ಕಾಲುಗಳಿಗೆ ಆರೆಂಟು ಇಂಚು ಇಟ್ಟಿಗೆ ಕೊಡಬಹುದು. ನಾಲ್ಕು ಮಂದಿಯ ರೂಮಿನಲ್ಲಿ ಮಂಚವೆಲ್ಲಿ ಬಂತು? ಮಡಚಿದ ಚಾದರಗಳನ್ನು ಹಾಸಿಗೆಯ ಕೆಳಗೆ ಸೊಂಟದಿಂದ ತಲೆಯವರೆಗೆ ಇಳಿಜಾರಾಗಿ ಹಾಸು. ಡ್ಯೂಟಿಯ ಬೆಲ್ಟನ್ನು ಒಂದು ತೂತು ಸಡಿಲ ಬಿಡು. ಗುಟ್ಕಾ, ಸಿಗರೇಟು, ಫೆನಿ, ಈ ಮೂರರ ಬಗ್ಗೆ ನಾನು ಬರೆಯುವುದಿಲ್ಲ; ಯಾವುದು ನಿನಗೆ ಅಂಟಿದೆ ಅಂತ ನಿನಗೇ ಗೊತ್ತು.

ಊಟದ ವಿಷಯದಲ್ಲಿ ನನ್ನ ಗುರು ನಮ್ಮ ರೂಮಿನ ಮಾಲಕಿ, ಗೋವಾದ ಮುದುಕಿ. ನನ್ನ ಹೊಟ್ಟೆ ಕೆಟ್ಟಾಗ ಹನ್ನೊಂದು ಗಂಟೆಗೆ ಒಂದು ಬಟ್ಟಲು ಪೇಜ್ ತಂದಿಡುತ್ತಿದ್ದಳು. ಕುಚ್ಚಲಕ್ಕಿಯ ತಿಳಿಗಂಜಿ, ಉಪ್ಪು, ಅಷ್ಟೇ. ನಮ್ಮ ಜೋಳದ ನುಚ್ಚಿಗೆ, ಅಂಬಲಿಗೆ ತಂಗಿಯಂತಿತ್ತು. ಮಂದ ಹೊಟ್ಟೆಗೆ ಎಣ್ಣೆಯೂ ನಾರೂ ಭಾರ. ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು ಬೇಗ ಇಳಿಯುತ್ತವೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣವು. ಎದೆಯುರಿಗೆ ತಣ್ಣನೆ ಹಾಲು ಅನ್ನುತ್ತಾರೆ, ಆದರೆ ಭೇದಿಯಾದ ಮೇಲೆ ಕೆಲವು ವಾರ ಕರುಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಡೋಲಾಗುತ್ತದೆ. ಮಜ್ಜಿಗೆ ಒಗ್ಗುತ್ತದೆ. ಕೋಕಮ್ ಹುಳಿಯ ಸೋಲ್‌ಕಡಿ ಹೊಟ್ಟೆಗೆ ತಂಪು ಅನ್ನುವುದು ಅಲ್ಲಿಯ ನಂಬಿಕೆ. ನನಗೆ ಅದರ ಹುಳಿ ಉರಿಯನ್ನೇ ಕೊಟ್ಟಿತು. ನಿನ್ನ ಹೊಟ್ಟೆ ಏನು ಹೇಳುತ್ತದೋ ಬರೆದಿಡು, ನನ್ನದನ್ನು ಕೇಳಬೇಡ. ಮತ್ತೆ ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಇದು ಕಣ್ಣಂದಾಜಿನಲ್ಲಿ ಮಾಡುವಂಥದ್ದಲ್ಲ.

ಹೊಟ್ಟೆಯ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಅಂತ ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರು ಹೆಲಿಕೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು, ತನ್ನ ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಅವನಿಗೂ ರಾಬಿನ್ ವಾರೆನ್‌ನಿಗೂ ನೊಬೆಲ್ ಬಂತು. ಇಂಥ ಹುಚ್ಚು ನಿನಗೆ ಬೇಡ. ಆದರೆ ಇನ್ನು ಕೆಲವು ವಾರದಲ್ಲಿ ಉರಿ ಇಳಿಯದಿದ್ದರೆ ಆ ಸೋಂಕಿನ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳು, ಪ್ಯಾಂಟೊಪ್ರಜೋಲ್ ನುಂಗುತ್ತಿರುವುದನ್ನೂ ಹೇಳು. ಅದನ್ನು ಎರಡು ವಾರ ಮೊದಲೇ ನಿಲ್ಲಿಸದಿದ್ದರೆ ಪರೀಕ್ಷೆ ಸುಳ್ಳಾಡಬಹುದು.

ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಿದ್ದು ಎದೆಯಲ್ಲಿ ಸಿಕ್ಕಂತಾದರೆ, ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ತೂಕ ಇಳಿದರೆ ರಜೆ ಕೇಳುತ್ತ ಕೂರಬೇಡ, ಆಸ್ಪತ್ರೆಗೆ ಹೋಗು. ಎದೆ ಹಿಂಡಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ 108. ನಿನ್ನ ವಯಸ್ಸಿಗೆ ಅದು ಅಪರೂಪ, ಆದರೆ ರೂಮಿನಲ್ಲಿ ವಯಸ್ಸಾದವರೂ ಇದ್ದಾರಲ್ಲ, ಅವರೂ ಅದನ್ನು ಗ್ಯಾಸ್ ಅಂತಲೇ ಕರೆಯುತ್ತಾರೆ.

ಇನ್ನೊಂದು. ನಿನ್ನ ಪಗಾರ 21,000ದೊಳಗೆ, ಇಎಸ್‌ಐಗೆ ತಿಂಗಳು ತಿಂಗಳು ಕಟ್ ಆಗುತ್ತದೆ ಅಂದಿದ್ದೆ. ಆ ಕಾರ್ಡನ್ನು ಪೆಟ್ಟಿಗೆಯ ತಳದಿಂದ ತೆಗೆ. ಮಡಗಾಂವಿನಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಬೇಕಾದಷ್ಟು ದಿನದ ಕಂತು ತುಂಬಿದ್ದು, ಅವರ ಡಾಕ್ಟರು ವಿಶ್ರಾಂತಿ ಬರೆದುಕೊಟ್ಟರೆ, ವರ್ಷಕ್ಕೆ 91 ದಿನದವರೆಗೆ ಪಗಾರದ ನೂರಕ್ಕೆ 70ರಷ್ಟು ಸಿಗುತ್ತದೆ. ನಾನು ಚಿಕುನ್‌ಗುನ್ಯಾದಲ್ಲಿ ಇದನ್ನು ಯಾರ ಹತ್ತಿರವೂ ಕೇಳಲಿಲ್ಲ. ಒಂದು ದಿನದ ಹಾಜರಿ ಉಳಿಸಲು ಮಾತ್ರೆ ನುಂಗಿದೆ, ಆಮೇಲೆ ಆ ಹಾಜರಿಗಳ ಹಣವೆಲ್ಲ ಹೊಟ್ಟೆಯ ಡಾಕ್ಟರಿಗೇ ಹೋಯಿತು.

ಬರುವ ವಾರ ಪಕ್ಕದ ಮನೆಯ ಹುಡುಗ ಗದಗದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಮಡಗಾಂವಿಗೆ ಹೋಗಿ ಅವನ ಕೈಯಿಂದ ಗಂಟು ಇಸಕೊ. ಎರಡು ಸೇರು ಜೋಳದ ನುಚ್ಚು, ಒಂದು ಸೇರು ಹೆಸರುಬೇಳೆ ಇವೆ. ನಿಮ್ಮವ್ವ ಒಂದು ಬಾಟಲಿ ಖಾರದ ರಂಜಕವನ್ನೂ ಒಳಗೆ ಸೇರಿಸಿದ್ದಳು. ಅವಳು ನೀರಿಗೆ ಹೋದಾಗ ನಾನು ತೆಗೆದಿಟ್ಟಿದ್ದೇನೆ. ಕೇಳಿದರೆ ತಲುಪಿತು ಅನ್ನು.

ನಿನ್ನ ಮಾವ