ಬೆನ್ನುಹುರಿಯ ಮೇಲಣ ಒತ್ತಡ: ಚಿಕಿತ್ಸಾ ಪರೀಕ್ಷೆಗಳ ಒಂದು ಅವಲೋಕನ

ಲೋಕರೂಢಿಯಲ್ಲಿ ನಾವು ಬೆನ್ನೆಲುಬು ಎಂದು ಏಕವಚನದಲ್ಲಿ ಕರೆಯುವುದು ವಾಸ್ತವವಾಗಿ ಒಂದೇ ಎಲುಬಲ್ಲ. ಒಂದರ ಮೇಲೊಂದು ಪೇರಿಸಿದ ಕಶೇರುಕಗಳ ಸಾಲು. ಕಶೇರುಕದ ಮುಂಭಾಗದಲ್ಲಿ ದೇಹದ ಭಾರವನ್ನು ಹೊರುವ ದಪ್ಪನೆಯ ಗಟ್ಟಿಯಿದೆ. ಹಿಂಭಾಗದಲ್ಲಿ ಕಮಾನಿನಂತೆ ಬಾಗಿದ ಎಲುಬಿದೆ. ಇವೆರಡರ ನಡುವಣ ಓಣಿಯಲ್ಲಿ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿಯು ಮಿದುಳಿನಿಂದ ಇಳಿದುಬರುತ್ತದೆ. ಮುಂದಿನ ಗಟ್ಟಿ, ಹಿಂದಿನ ಕಮಾನು ಎಂಬ ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಹೇಳಲಿರುವ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿ ಮುಂತಾದೆಡೆ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಹರಡಿ ಬಹುಮಟ್ಟಿಗೆ ಈ ಮುಂದಿನ ಗಟ್ಟಿಯಲ್ಲಿಯೇ ನೆಲೆಯೂರುತ್ತದೆ. ಗಂಟು ಹಿಂದಕ್ಕೆ ಬೆಳೆದಾಗ, ಅಥವಾ ಟೊಳ್ಳಾದ ಎಲುಬು ಕುಸಿದಾಗ, ಓಣಿ ಇಕ್ಕಟ್ಟಾಗಿ ಹುರಿಯು ಅದುಮಿಹೋಗುತ್ತದೆ. ಮೊದಲು ಸಿರೆಗಳಲ್ಲಿ ರಕ್ತ ಕಟ್ಟಿ ಹುರಿಯು ಊದಿಕೊಳ್ಳುತ್ತದೆ. ಆ ಹಂತದಲ್ಲಿ ಬಿಡುಗಡೆ ದೊರೆತರೆ ಅದು ಚೇತರಿಸಿಕೊಳ್ಳಬಲ್ಲದು. ಬಳಿಕ ರಕ್ತಸಂಚಾರವೇ ನಿಂತು ನರತಂತುಗಳು ಸಾಯುತ್ತವೆ. ಕಾಲುಗಳ ಬಲ ಕುಂದುವುದು, ಸ್ಪರ್ಶಜ್ಞಾನ ಅಳಿಯುವುದು, ಮೂತ್ರ ಕಟ್ಟುವುದು ಇದರ ಪರಿಣಾಮಗಳು.

ಇಂತಹ ರೋಗಿಗೆ ಶಸ್ತ್ರಕ್ರಿಯೆ ಮಾಡಬೇಕೇ, ವಿಕಿರಣ ಚಿಕಿತ್ಸೆ ಸಾಕೇ? ವೈದ್ಯರ ಈ ಪ್ರಶ್ನೆಯಲ್ಲಿ ಕನ್ನಡ ಪಂಡಿತನಾದ ನನಗೇನು ಕೆಲಸವೆಂದು ಯಾರಾದರೂ ಕೇಳಬಹುದು. ನನ್ನನ್ನು ಸೆಳೆದುದು ಅವರು ಉತ್ತರ ಹುಡುಕಿದ ಮಾರ್ಗ. ತರ್ಕವನ್ನು ಓದಿದವರಿಗೆಲ್ಲ ಕಾಕತಾಲೀಯ ನ್ಯಾಯ ಗೊತ್ತು: ಕಾಗೆ ಬಂದು ಕುಳಿತಿತು, ತಾಳೆಹಣ್ಣು ಬಿದ್ದಿತು, ಆದುದರಿಂದ ಕಾಗೆಯೇ ಕಾರಣವೆನ್ನಲಾಗದು. ಚಿಕಿತ್ಸೆಯಾಯಿತು, ರೋಗಿ ನಡೆದನು ಎಂಬಷ್ಟರಿಂದಲೇ ಚಿಕಿತ್ಸೆಯ ಗುಣ ಸಿದ್ಧವಾಗುವುದಿಲ್ಲ. ಅನ್ವಯದೊಡನೆ ವ್ಯತಿರೇಕವೂ ಬೇಕು. ಅದಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನೂ ಕಾಣಬೇಕು. ಇದಕ್ಕಾಗಿ ಸಮಾನ ಸ್ಥಿತಿಯ ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚುತ್ತಾರೆ. ಗಟ್ಟಿಮುಟ್ಟಾದವರನ್ನು ತನಗೆ ಪ್ರಿಯವಾದ ಚಿಕಿತ್ಸೆಯ ಕಡೆಗೆ ಸರಿಸುವ ಅವಕಾಶ ವೈದ್ಯನಿಗೆ ಉಳಿಯದು.

ಬಹುಕಾಲ ರೂಢಿಯಲ್ಲಿದ್ದ ಶಸ್ತ್ರಕ್ರಿಯೆ ಲ್ಯಾಮಿನೆಕ್ಟಮಿ, ಎಂದರೆ ಬೆನ್ನಿನ ಕಡೆಯಿಂದ ಹೋಗಿ ಹಿಂದಿನ ಕಮಾನನ್ನು ತೆಗೆದುಹಾಕುವುದು. ಓಣಿ ಇಕ್ಕಟ್ಟಾದರೆ ಒಂದು ಗೋಡೆಯನ್ನು ಕೆಡವಬೇಕೆಂಬುದು ಮೇಲುನೋಟಕ್ಕೆ ಸಯುಕ್ತಿಕವಾಗಿಯೇ ತೋರುತ್ತದೆ. ಆದರೆ ಗಂಟು ಇರುವುದು ಮುಂದೆ. ಕೆಡವುತ್ತಿದ್ದುದು ರೋಗವಿಲ್ಲದ ಹಿಂದಿನ ಗೋಡೆಯನ್ನು! ಮುಂದಿನ ಗಟ್ಟಿ ಮೊದಲೇ ಶಿಥಿಲವಾಗಿರುವಾಗ ಹಿಂದಿನ ಆಧಾರವನ್ನೂ ಕಿತ್ತರೆ ಬೆನ್ನೆಲುಬು ಮತ್ತಷ್ಟು ಸಡಿಲಗೊಳ್ಳುತ್ತದೆ. 1980ರಲ್ಲಿ ಪ್ರಕಟವಾದ 29 ರೋಗಿಗಳ ಒಂದು ಸಣ್ಣ ಪರೀಕ್ಷೆಯಲ್ಲಿ, ವಿಕಿರಣದೊಡನೆ ಈ ಶಸ್ತ್ರಕ್ರಿಯೆಯನ್ನು ಸೇರಿಸಿದುದರಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಶಸ್ತ್ರಕ್ರಿಯೆಯೇ ವ್ಯರ್ಥವೆಂಬ ಅಭಿಪ್ರಾಯ ಬಲವಾಯಿತು. ತಪ್ಪು ಬಾಗಿಲನ್ನು ತಟ್ಟಿದವನು ಮನೆಯಲ್ಲಿ ಯಾರೂ ಇಲ್ಲವೆಂದು ಹಿಂದಿರುಗಿದಂತಾಯಿತು.

ಈ ಅಭಿಪ್ರಾಯವನ್ನು ಮರಳಿ ಒರೆಗೆ ಹಚ್ಚಿದವರು ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ರಾಯ್ ಪ್ಯಾಚೆಲ್ ಮತ್ತು ಅವರ ಸಹೋದ್ಯೋಗಿಗಳು. ಅವರ ವರದಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಟು ಇರುವ ಕಡೆಯಿಂದಲೇ ಹೋಗಿ ಅದನ್ನು ತೆಗೆದು, ಹುರಿಯನ್ನು ಸುತ್ತಲೂ ಬಿಡಿಸಿ, ಅಗತ್ಯವಿದ್ದಲ್ಲಿ ಎಲುಬಿಗೆ ಆಧಾರ ಕೊಟ್ಟು, ಬಳಿಕ ವಿಕಿರಣ ಕೊಡುವುದು ಒಂದು ಗುಂಪಿನ ಕ್ರಮ. ಕೇವಲ ವಿಕಿರಣ ಇನ್ನೊಂದರದು. 101 ರೋಗಿಗಳು ಸೇರಿದ್ದಾಗ ನಡುವಣ ಲೆಕ್ಕಾಚಾರದಲ್ಲಿ ವ್ಯತ್ಯಾಸವು ಅಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಚಿಕಿತ್ಸೆಯ ಬಳಿಕ ನಡೆಯಬಲ್ಲವರಾಗಿದ್ದವರು ಮೊದಲ ಗುಂಪಿನಲ್ಲಿ ಶೇಕಡ 84, ಎರಡನೆಯದರಲ್ಲಿ ಶೇಕಡ 57. ಬರುವಾಗಲೇ ನಡೆಯಲಾರದಿದ್ದವರು ಎರಡು ಗುಂಪುಗಳಲ್ಲಿಯೂ ಹದಿನಾರು ಹದಿನಾರು ಮಂದಿ. ಅವರಲ್ಲಿ ಶಸ್ತ್ರಕ್ರಿಯೆಯಾದ ಹತ್ತು ಜನ ಮತ್ತೆ ನಡೆದರು, ಕೇವಲ ವಿಕಿರಣ ಪಡೆದ ಮೂವರು ಮಾತ್ರ ನಡೆದರು.

ಆದರೆ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಬೇರೆ. ಕೇವಲ ವಿಕಿರಣ ಪಡೆದವರ ಉಳಿವಿನ ಮಧ್ಯಕ ಅವಧಿ 100 ದಿನ. ಆದರೆ ನಡೆಯುವ ಶಕ್ತಿ ಉಳಿದುದು ಮಧ್ಯಕವಾಗಿ 13 ದಿನ. ಶಸ್ತ್ರಕ್ರಿಯೆಯಾದವರಲ್ಲಿ ಉಳಿವು 126 ದಿನ, ನಡಿಗೆ 122 ದಿನ. ಆಯುಸ್ಸಿನಲ್ಲಿ ಆದ ಗಳಿಕೆ ಸ್ವಲ್ಪವೇ. ಆದರೆ ಒಂದು ಗುಂಪಿನವರು ಬದುಕಿದಷ್ಟು ಕಾಲ ಬಹುಮಟ್ಟಿಗೆ ತಮ್ಮ ಕಾಲ ಮೇಲೆ ನಿಂತು ಬದುಕಿದರು. ಇನ್ನೊಂದು ಗುಂಪಿನವರು ಬಹುಪಾಲು ದಿನಗಳನ್ನು ಹಾಸಿಗೆಯಲ್ಲಿ ಅಥವಾ ಗಾಲಿಕುರ್ಚಿಯಲ್ಲಿ ಕಳೆದರು. ಮಲಗಿದವರ ಆರೈಕೆ ಮಾಡಿ ಬಲ್ಲ ಮನೆಯವರಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಗಳನ್ನಷ್ಟೇ ಎಣಿಸದೆ ನಡೆದ ದಿನಗಳನ್ನು ಎಣಿಸಿದುದು ಈ ಸಂಶೋಧಕರ ವಿವೇಕವೆಂದು ನಾನು ಭಾವಿಸುತ್ತೇನೆ.

ಇದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಒಂದೇ ಕಡೆ ಒತ್ತಡವಿದ್ದು, ಕನಿಷ್ಠ ಮೂರು ತಿಂಗಳು ಬದುಕಬಹುದೆಂದು ತೋರುವ, ಕಾಲುಗಳು ಪೂರ್ತಿ ಸೋತು 48 ಗಂಟೆ ಮೀರದ ರೋಗಿಗಳನ್ನು ಮಾತ್ರ ಅಲ್ಲಿ ಸೇರಿಸಿಕೊಂಡಿದ್ದರು. ವಿಕಿರಣಕ್ಕೆ ಸುಲಭವಾಗಿ ಕರಗುವ ಲಿಂಫೋಮದಂತಹ ಗಂಟುಗಳನ್ನು ಕೈಬಿಟ್ಟಿದ್ದರು. ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ವಿಕಿರಣವೇ ಗತಿ.

ಅವರಿಗಾದರೂ ಆಸ್ಪತ್ರೆಯ ಅಲೆದಾಟವನ್ನು ಕಡಿಮೆಮಾಡಬಹುದೇ? ಇದನ್ನು ಕೇಳಿದುದು ಸ್ಕೋರಾಡ್ ಎಂಬ ಪರೀಕ್ಷೆ. ಬ್ರಿಟನ್ ಮತ್ತು ಆಸ್ಟ್ರೇಲಿಯದ 686 ರೋಗಿಗಳಲ್ಲಿ ಒಂದು ಗುಂಪಿಗೆ ಒಂದೇ ಸಲ 8 ಗ್ರೇ ಪ್ರಮಾಣದ ವಿಕಿರಣ, ಇನ್ನೊಂದಕ್ಕೆ ಐದು ಸಲವಾಗಿ 20 ಗ್ರೇ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂಟು ವಾರಗಳ ಬಳಿಕ ನಡೆಯಬಲ್ಲವರು ಶೇಕಡ 69.3 ಮತ್ತು 72.7. ಸಾಮಾನ್ಯರು ಇದನ್ನು ಸಮವೆಂದೇ ಎನ್ನುತ್ತಾರೆ. ಆದರೆ ನಿಜವಾದ ಕೊರತೆ ಶೇಕಡ 11ನ್ನು ಮೀರಲಾರದೆಂದು ಸಿದ್ಧವಾದರೆ ಮಾತ್ರ ಒಂದು ಸಲದ ಚಿಕಿತ್ಸೆ ಕಡಿಮೆಯದಲ್ಲವೆನ್ನುವೆವೆಂದು ಅವರು ಮೊದಲೇ ಗೆರೆ ಎಳೆದಿದ್ದರು. ಲೆಕ್ಕದ ಅನಿಶ್ಚಿತತೆ 11.5ರವರೆಗೆ ಚಾಚಿತು. ಅರೆ ಅಂಶಕ್ಕಾಗಿ ಗೆರೆಯನ್ನು ಸರಿಸದೆ, ಸಿದ್ಧವಾಗಲಿಲ್ಲವೆಂದೇ ಬರೆದರು. ಆದರೂ ಅಂತರ ಅಲ್ಪವಾದುದರಿಂದ, ಹೆಚ್ಚು ಕಾಲ ಬದುಕಲಾರದ ರೋಗಿಗೆ ಒಂದೇ ಭೇಟಿಯ ಚಿಕಿತ್ಸೆಯನ್ನು ಕೊಡಬಹುದೆಂಬುದು ಹಲವು ವೈದ್ಯರ ಮತ.

ಈ ಚಿಕಿತ್ಸೆಗಳೆಲ್ಲ ಯಾವ ಸ್ಥಿತಿಯ ರೋಗಿಗೆ ದೊರೆಯುತ್ತವೆ ಎಂಬುದು ಕಡೆಯ ಮಾತು. ನಡೆಯುತ್ತಿರುವಾಗಲೇ ಚಿಕಿತ್ಸೆ ಪಡೆದವರಲ್ಲಿ ಬಹುಮಂದಿ ನಡೆಯುತ್ತಲೇ ಉಳಿಯುತ್ತಾರೆ. ಕಾಲು ಸೋತ ಬಳಿಕ ಬಂದವರಲ್ಲಿ ಚೇತರಿಸಿಕೊಳ್ಳುವವರು ಕೆಲವರೇ. ಸ್ಕಾಟ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ರೋಗನಿರ್ಣಯದ ಹೊತ್ತಿಗೆ ಶೇಕಡ 82ರಷ್ಟು ರೋಗಿಗಳು ನಡೆಯಲಾರದವರು ಅಥವಾ ಇನ್ನೊಬ್ಬರ ನೆರವಿನಿಂದ ಮಾತ್ರ ನಡೆಯುವವರು. ಬೆನ್ನುನೋವಾದರೋ ಸುಮಾರು ಮೂರು ತಿಂಗಳ ಹಿಂದೆಯೇ ಆರಂಭವಾಗಿತ್ತು. ನಮ್ಮ ಕಡೆಯಲ್ಲಿ ಬೆನ್ನು ನೋಯುತ್ತದೆಂದರೆ ವಾಯುವೆಂದು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತೇವೆ. ಸಾಧಾರಣ ನೋವಿಗೆ ಅದು ಸಾಕು. ಹಿಂದೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ನೋವು ದಿನದಿನಕ್ಕೆ ಏರುತ್ತಿದ್ದರೆ, ಮಲಗಿದಾಗ ಅಥವಾ ಕೆಮ್ಮಿದಾಗ ಹೆಚ್ಚುತ್ತಿದ್ದರೆ, ಎದೆಯ ಸುತ್ತ ಪಟ್ಟಿ ಬಿಗಿದಂತಿದ್ದರೆ ಅದು ಬೇರೆ ಜಾತಿಯದು. ಅಂತಹವರು ತಮ್ಮ ಹಳೆಯ ಕಾಯಿಲೆಯನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಸಾಮಾನ್ಯ ಎಕ್ಸ್‌ರೇಯಲ್ಲಿ ಎಲುಬು ಕಾಣುವುದೇ ಹೊರತು ಹುರಿಯು ಕಾಣದು. ಅದಕ್ಕೆ ಬೆನ್ನೆಲುಬಿನ ಉದ್ದಕ್ಕೂ ಎಂ.ಆರ್.ಐ. ಪರೀಕ್ಷೆ ಆಗಬೇಕಾಗುತ್ತದೆ.