ಹಳೆ ವ್ಯಾನಿನ ಒಳಛಾವಣಿ: ಬಟ್ಟೆಗೂ ಮೊದಲು ತಗಡು ನೋಡಿ

ಹೈದರಾಬಾದಿನ ಬೇಸಿಗೆ 42 ಡಿಗ್ರಿ ಮುಟ್ಟುವ ದಿನಗಳಲ್ಲಿ ನೆರಳಿಲ್ಲದೆ ನಿಂತ ವ್ಯಾನಿನ ನೆತ್ತಿ ಕೈ ಇಡಲಾಗದಷ್ಟು ಕಾಯುತ್ತದೆ. ಹೀಗೆ ಹತ್ತು ಹದಿನೈದು ಬೇಸಿಗೆ ಕಂಡ ಗಾಡಿಯಲ್ಲಿ ಛಾವಣಿಯ ಬಟ್ಟೆ ಮೊದಲು ಮೂಲೆಯಲ್ಲಿ ಬಿಡುತ್ತದೆ, ಆಮೇಲೆ ನಡುವೆ ಜೋಲುತ್ತದೆ, ಕೊನೆಗೆ ಕೂತವರ ತಲೆಗೆ ತಾಗುತ್ತದೆ. ಕೂಕಟ್‌ಪಲ್ಲಿ, ಮೂಸಾಪೇಟೆ, ಮಿಯಾಪುರದ ಕಾಲೊನಿಗಳಲ್ಲಿ ಎಷ್ಟೋ ಗಾಡಿಗಳಿಗೆ ರಸ್ತೆ ಬದಿಯೇ ಗ್ಯಾರೇಜು, ಮಳೆ ಬಿಸಿಲು ಎರಡೂ ನೇರ ಅವುಗಳ ಮೇಲೆಯೇ. ಬೀದರ್, ಹುಮನಾಬಾದ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಮನೆ ಮುಂದಿನ ಮುಂಬೈ ಹೆದ್ದಾರಿಯೇ ಊರಿನ ದಾರಿ. ಹಳೆ ಓಮ್ನಿಯನ್ನೋ ಟೆಂಪೊ ಟ್ರಾವೆಲರನ್ನೋ ಹಾಸಿಗೆ, ಒಲೆ, ನೀರಿನ ಕ್ಯಾನು ಸಮೇತ ಸಜ್ಜು ಮಾಡಿಕೊಂಡು ಗಾಣಗಾಪುರಕ್ಕೋ ಬಸವಕಲ್ಯಾಣಕ್ಕೋ ಹೊರಡುವವರಿಗೆ ಈ ಛಾವಣಿ ಬರೀ ಅಂದದ ಮಾತಲ್ಲ. ರಾತ್ರಿ ಅದರ ಕೆಳಗೇ ಮಲಗಬೇಕು.

ಮಾರುತಿಯ ಓಮ್ನಿ 1984ರಲ್ಲಿ ರಸ್ತೆಗಿಳಿದು 2019ರಲ್ಲಿ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಓಮ್ನಿಗಳೆಲ್ಲ ಹಳೆಯವೇ, ಈ ಕೆಲಸ ಯಾವಾಗಲಾದರೂ ಬಂದೇ ಬರುತ್ತದೆ.

ಬಟ್ಟೆ ಏಕೆ ಬಿಡುತ್ತದೆ?

ಅಂಟು ಹೋಯಿತು ಎನ್ನುವುದು ಸಾಮಾನ್ಯ ಮಾತು. ಹೆಚ್ಚಿನ ಸಲ ತಪ್ಪು ಅಂಟಿನದಲ್ಲ. ಛಾವಣಿ ಬಟ್ಟೆಯ ಬೆನ್ನಿಗೆ ಎರಡು ಮೂರು ಮಿಲಿಮೀಟರ್ ದಪ್ಪದ ಪಾಲಿಯುರೇಥೇನ್ ಫೋಮ್ ಇರುತ್ತದೆ. ಕಾವಿಗೂ ತೇವಕ್ಕೂ ವರ್ಷಗಟ್ಟಲೆ ಸಿಕ್ಕಿ ಆ ಫೋಮ್ ಒಳಗೇ ಸಾಯುತ್ತದೆ. ಜೋತುಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಒಳಗೆ ಮರಳು ಸರಿದ ಹಾಗೆ ಸದ್ದಾದರೆ, ಅಂಚಿನಿಂದ ಹಳದಿ ಪುಡಿ ಉದುರಿದರೆ ಆ ಬಟ್ಟೆಯ ಆಯಸ್ಸು ಮುಗಿಯಿತು ಎಂದೇ ಅರ್ಥ. ಅದರ ಮೇಲೆ ಸಿರಿಂಜಿನಲ್ಲಿ ಅಂಟು ತೂರಿಸುವುದು, ಗುಂಡುಪಿನ್ನು ಚುಚ್ಚುವುದು ಇವೆಲ್ಲ ಒಂದು ತಿಂಗಳ ಉಪಾಯಗಳು. ಹೊಸ ಅಂಟು ಹಿಡಿಯುವುದು ಪುಡಿಯನ್ನು, ಹಲಗೆಯನ್ನಲ್ಲ.

ಎರಡನೆಯ ಕಾರಣ ಸೋರಿಕೆ. ಬಟ್ಟೆಯ ಮೇಲೆ ಕಂದು ಬಣ್ಣದ ಉಂಗುರದಂಥ ಕಲೆ ಇದ್ದರೆ ಮೇಲಿನಿಂದ ನೀರು ಬಂದಿದೆ. ಇದನ್ನು ನೋಡದೆ ಹೊಸ ಬಟ್ಟೆ ಹಾಕಿದರೆ ಮೊದಲ ಮಳೆಗೇ ಅದೇ ಕಲೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಬಿಚ್ಚುವ ಮೊದಲು

ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಿಡಿ, ಛಾವಣಿಯ ದೀಪಕ್ಕೆ ಬರುವ ವೈರು ಬಟ್ಟೆಯ ಹಿಂದೆಯೇ ಹಾದಿರುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಸನ್ ವೈಸರ್, ಹಿಡಿಕೆ, ದೀಪ, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಒಂದೊಂದನ್ನೂ ಬಿಚ್ಚುವಾಗ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆಯಿರಿ. ಹಳೆ ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿಯುತ್ತವೆ, ಅದಕ್ಕೆ ಬೇಸರ ಬೇಡ. ಮುರಿದ ಒಂದು ಕ್ಲಿಪ್ಪನ್ನು ಮಾದರಿಗೆ ಜೇಬಿನಲ್ಲಿಟ್ಟುಕೊಂಡು ಬಿಡಿಭಾಗದ ಅಂಗಡಿಗೆ ಹೋದರೆ ಕೆಲಸ ಸುಲಭ.

ಒಳಛಾವಣಿ ಎರಡು ಬಗೆ. ಒಂದು, ಬಟ್ಟೆ ಅಂಟಿಸಿದ ಹಲಗೆಯನ್ನು ತಗಡಿನ ಕೆಳಗೆ ಕೂರಿಸಿರುವುದು. ಇನ್ನೊಂದು, ರೆಕ್ಸಿನ್ನಿಗೆ ನೇಫೆಯಂತೆ ಹೊಲಿದು ಅದರೊಳಗೆ ಕಮಾನಿನಾಕಾರದ ಸರಿಗೆ ತೂರಿಸಿ ಎಳೆದು ಕಟ್ಟಿರುವುದು. ಎರಡನೆಯ ಬಗೆಯಾದರೆ ಸರಿಗೆಗಳಿಗೆ ಮುಂದಿನಿಂದ 1, 2, 3 ಎಂದು ಚೀಟಿ ಅಂಟಿಸಲೇಬೇಕು. ಒಂದೊಂದರ ಬಾಗು ಒಂದೊಂದು ತರಹ ಇರುತ್ತದೆ, ಅದಲು ಬದಲಾದರೆ ರೆಕ್ಸಿನ್ ಸುಕ್ಕು ಬಿಡುವುದೇ ಇಲ್ಲ. ಹಳೆ ರೆಕ್ಸಿನ್ನನ್ನು ಹರಿಯದೆ ತೆಗೆಯಿರಿ. ಹೊಲಿಗೆ ಬಿಚ್ಚಿ ಹಾಸಿದರೆ ಅದೇ ಹೊಸ ಬಟ್ಟೆ ಕತ್ತರಿಸುವ ಅಳತೆ. ಈ ಹೊಲಿಗೆಗೆ ಮನೆಯ ಮಿಷನ್ ಸಾಲದು, ಕುಶನ್ ಅಂಗಡಿಗೇ ಕೊಡಿ.

ತಗಡಿನ ಕೆಲಸ

ಲೇಖನದ ಮುಖ್ಯ ಮಾತು ಇದು. ಛಾವಣಿ ಬಿಚ್ಚಿದ ದಿನ ಮಾತ್ರ ತಗಡಿನ ಒಳಮೈ ನಿಮ್ಮ ಕಣ್ಣಿಗೆ ಬೀಳುತ್ತದೆ, ಮತ್ತೆ ಹತ್ತು ವರ್ಷ ಬೀಳುವುದಿಲ್ಲ. ಒಬ್ಬರು ಮೇಲಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಪಕ್ಕದ ನೀರುಗಾಲುವೆಯ ಬೆಸುಗೆ, ಕ್ಯಾರಿಯರ್ ಕೂರಿಸಲು ಕೊರೆದ ತೂತು, ಏರಿಯಲ್‌ನ ಬುಡ, ಮುಂದಿನ ಗಾಜಿನ ಮೇಲಂಚು: ಅಪರಾಧಿ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ಅವಸರಪಡದೆ ಒಂದು ಭಾಗಕ್ಕೆ ಐದು ನಿಮಿಷವಾದರೂ ನೀರು ಬಿಡಿ. ಹನಿ ಬೀಳುವ ಜಾಗ ಬೇರೆ, ನೀರು ಒಳಗೆ ನುಗ್ಗುವ ಜಾಗ ಬೇರೆ ಇರಬಹುದು, ನೀರು ಛಾವಣಿಯ ಪಕ್ಕೆಲುಬಿನ ಮೇಲೆ ಹರಿದು ಬಂದು ದೂರದಲ್ಲಿ ಬೀಳುತ್ತದೆ.

ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು, 80 ನಂಬರಿನ ಉಪ್ಪುಕಾಗದ ಹಾಕಿ, ಥಿನ್ನರ್ ಬಟ್ಟೆಯಿಂದ ಒರೆಸಿ, ರೆಡ್ ಆಕ್ಸೈಡ್ ಅಥವಾ ಎಪಾಕ್ಸಿ ಪ್ರೈಮರ್ ಬಳಿಯಿರಿ. ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ತಗಡು ತೂತಾಗುವಷ್ಟು ಕೊಳೆತಿದ್ದರೆ ಪುಟ್ಟಿ ಮೆತ್ತಿ ಮುಚ್ಚಬೇಡಿ, ವೆಲ್ಡಿಂಗ್ ಮಾಡಿಸಿ. ಸಂದುಗಳಿಗೆ ಪಿಯು (ಪಾಲಿಯುರೇಥೇನ್) ಸೀಲೆಂಟ್ ಹಾಕಿ. ಬಚ್ಚಲುಮನೆಗೆ ಬಳಸುವ, ಹುಳಿ ವಾಸನೆಯ ಸಿಲಿಕಾನ್ ಬೇಡ. ಅದರಿಂದ ಹೊರಬರುವ ಅಸಿಟಿಕ್ ಆಮ್ಲ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಮಲಗುವ ಗಾಡಿಯಾದರೆ ಕಾವು ತಡೆಯುವ ಹೊದಿಕೆಗೆ ಇದೇ ಸಮಯ. ಅಲ್ಯೂಮಿನಿಯಂ ಹಾಳೆ ಅಂಟಿರುವ ಕ್ರಾಸ್‌ಲಿಂಕ್ ಪಾಲಿಥೀನ್ ಫೋಮ್ ಸಿಗುತ್ತದೆ, ಜಾಗ ನೋಡಿಕೊಂಡು 6ರಿಂದ 10 ಮಿಲಿಮೀಟರ್ ಹಾಕಿ. ಅಗ್ಗವೆಂದು ಥರ್ಮೋಕೋಲ್ ತರಬೇಡಿ. ರಬ್ಬರ್ ಅಂಟು ಸೋಕಿದ ಕಡೆಯೆಲ್ಲ ಅದು ಕರಗಿ ಕುಳಿ ಬೀಳುತ್ತದೆ. ಫ್ಯಾನು, ಎಲ್‌ಇಡಿ ದೀಪ ಬೇಕಿದ್ದರೆ ವೈರನ್ನೂ ಈಗಲೇ ಎಳೆಯಿರಿ. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಗ್ರೊಮೆಟ್ ಇರಲಿ, ಬ್ಯಾಟರಿಯ ಹತ್ತಿರ ಫ್ಯೂಸ್ ಇರಲಿ.

ಸಾಮಾನು ಕೊಳ್ಳುವಾಗ

ಅಂಟು, ಸೀಲೆಂಟ್, ಸ್ಕ್ರೂ ಮುಂತಾದವಕ್ಕೆ ಸಿಕಂದರಾಬಾದಿನ ರಾಣಿಗಂಜ್ ಮಾರುಕಟ್ಟೆ ಇದೆ. ಬಟ್ಟೆಗೆ ಕಾರಿನ ಸೀಟ್ ಕವರ್ ಅಂಗಡಿಗಳಲ್ಲಿ ಫೋಮ್ ಬೆನ್ನಿನ ರೂಫ್ ಲೈನಿಂಗ್ ಎಂದು ಕೇಳಿ. ಸೋಫಾ ಬಟ್ಟೆ, ಪರದೆ ಬಟ್ಟೆ ನೋಡಲು ಚೆಂದ, ಛಾವಣಿಗೆ ಸಲ್ಲದು. ಫೋಮ್ ಇಲ್ಲದ ತೆಳು ಬಟ್ಟೆಯಲ್ಲಿ ಅಂಟು ತೋಯ್ದು ಕಲೆಯಾಗಿ ಹೊರಗೆ ಕಾಣುತ್ತದೆ.

ಓಮ್ನಿಯ ಹೊರಗಿನ ಉದ್ದವೇ 3.37 ಮೀಟರ್, ಅಗಲ 1.41 ಮೀಟರ್. 54 ಅಂಗುಲ ಪನ್ನದ ಬಟ್ಟೆ ಅದಕ್ಕೆ ಜೋಡಣೆಯಿಲ್ಲದೆ ಸಾಕಾಗುತ್ತದೆ. ಟ್ರಾವೆಲರ್ ಅಗಲವಾದ ಗಾಡಿ, ಅಡ್ಡಡ್ಡ ತುಂಡು ಮಾಡಿ ಸಂದಿಗೆ ಅಲ್ಯೂಮಿನಿಯಂ ಪಟ್ಟಿ ಕೊಡುವುದು ಒಳ್ಳೆಯದು. ಯಾವುದಾದರೂ ಸರಿ, ಹಲಗೆಯನ್ನು ಅದರ ಉಬ್ಬುತಗ್ಗಿನ ಮೇಲೆ ಟೇಪು ಒತ್ತಿ ಅಳೆದು, ನಾಲ್ಕೂ ಕಡೆ ಮಡಚಲು ಬೇಕಾದಷ್ಟು ಹೆಚ್ಚಿಗೆ ಕೊಳ್ಳಿ.

ಕೊಳ್ಳುವ ಮೊದಲು ಬಟ್ಟೆಯ ಅಂಗೈಯಗಲದ ತುಂಡೊಂದನ್ನು ಕೇಳಿ ತನ್ನಿ. ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ ನೋಡಿ. ಉರಿಯುತ್ತಾ ಹನಿಹನಿಯಾಗಿ ತೊಟ್ಟಿಕ್ಕುವ ಬಟ್ಟೆಯನ್ನು ಮಲಗುವ ಗಾಡಿಗೆ ಹಾಕಬೇಡಿ. ವಾಹನದ ಒಳಬಟ್ಟೆ ಎಷ್ಟು ನಿಧಾನ ಉರಿಯಬೇಕು ಎಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡವಿದೆ, ಅದಕ್ಕೆ ಹೊಂದುವ ಬಟ್ಟೆಯನ್ನೇ ಕೇಳಿ ಪಡೆಯಿರಿ.

ಅಂಟಿಸುವುದು

ಮರಗೆಲಸದ ಬಿಳಿ ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು. ಬೇಕಿರುವುದು ಸಿಂಥೆಟಿಕ್ ರಬ್ಬರ್ ಅಂಟು, ಅದರಲ್ಲೂ ಹೆಚ್ಚು ಕಾವು ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿರುವಂಥದು. ಇದರ ಆವಿ ತಲೆ ಸುತ್ತಿಸುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಬೇಡ, ಹಲಗೆಯನ್ನು ಗಾಳಿಯಾಡುವ ತಾರಸಿಯ ನೆರಳಿಗೆ ಒಯ್ಯಿರಿ.

ಹಲಗೆಯಿಂದ ಹಳೆ ಬಟ್ಟೆ ಕಿತ್ತು, ಉಳಿದ ಫೋಮನ್ನು ನೈಲಾನ್ ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ಇಡೀ ಕೆಲಸದಲ್ಲಿ ಬೇಸರದ ಭಾಗ ಇದು, ಕೆಲಸ ಬಾಳುವುದೂ ಇದರಿಂದಲೇ. ಅಂಗೈ ಆಡಿಸಿದರೆ ಪುಡಿ ಹತ್ತಬಾರದು. ಆಮೇಲೆ ಹೊಸ ಬಟ್ಟೆಯನ್ನು ಹಾಸಿ ಸರಿಮಾಡಿ, ಅರ್ಧವನ್ನು ಮಡಚಿ ಹಿಂದಕ್ಕೆ ಹಾಕಿ. ತೆರೆದ ಹಲಗೆಗೂ ಬಟ್ಟೆಯ ಫೋಮಿಗೂ ಎರಡಕ್ಕೂ ತೆಳುವಾಗಿ ಅಂಟು ಬಳಿಯಿರಿ. ಎಂಟು ಹತ್ತು ನಿಮಿಷ ಸುಮ್ಮನಿರಿ. ಬೆರಳ ಹಿಂಬದಿ ತಾಗಿಸಿದರೆ ಜಿಗುಟು ಗೊತ್ತಾಗಬೇಕು, ಅಂಟು ಎದ್ದು ಬರಬಾರದು. ಆಗ ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಕೂರಿಸಿ. ತಗ್ಗುಗಳಿಗೆ ಮೊದಲು ಬೆರಳಿನಿಂದ ಒತ್ತಿ ತುಂಬಿಸಿ, ಮೇಲಿನಿಂದ ಎಳೆದು ಬಿಗಿ ಮಾಡಬೇಡಿ. ಎಳೆದ ಬಟ್ಟೆ ತಗ್ಗಿನ ಮೇಲೆ ಸೇತುವೆ ಕಟ್ಟಿ, ಮೊದಲ ಬೇಸಿಗೆಗೇ ಬಿಡುತ್ತದೆ. ಇನ್ನರ್ಧವೂ ಹೀಗೆಯೇ. ಅಂಚನ್ನು ನಾಲ್ಕು ಬೆರಳಗಲ ಬಿಟ್ಟು ಕತ್ತರಿಸಿ ಹಿಂದಕ್ಕೆ ಮಡಚಿ ಅಂಟಿಸಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಿಡಿತ ಸಿಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಹವೆ ಉತ್ತಮ. ಒಂದು ಪೂರ್ತಿ ದಿನ ಆರಿದ ಮೇಲೆ ಹಲಗೆ ಏರಿಸಿ. ಇದಕ್ಕೆ ಇಬ್ಬರು ಬೇಕೇ ಬೇಕು, ಒಬ್ಬರೇ ಎತ್ತಿದರೆ ಹಲಗೆ ನಡುವೆ ಮುರಿಯುತ್ತದೆ. ಸ್ಕ್ರೂ ತೂತುಗಳನ್ನು ಹಿಂದಿನಿಂದ ಸೂಜಿ ಚುಚ್ಚಿ ಹುಡುಕಿ, ಅಡ್ಡಗೀಟು ಕೊಯ್ದರೆ ಸಾಕು.

ಬಟ್ಟೆ ಬದಲಿಸಲು ಯಾರ ಅನುಮತಿಯೂ ಬೇಡ. ಆದರೆ ಛಾವಣಿಗೆ ಕಿಂಡಿ ಕೊರೆಯುವುದು, ಸೀಟು ತೆಗೆದು ಮಂಚ ಬೆಸೆಯುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ಅಂಥ ಯೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ತಗಡಿಗೆ ಕೈ ಹಚ್ಚಿ. ಇನ್ನು ಹೊಸ ಬಟ್ಟೆ ಹಾಕಿದ ಗಾಡಿಯ ಕಿಟಕಿ, ಬಾಗಿಲುಗಳನ್ನು ಎರಡು ಮೂರು ದಿನ ತೆರೆದಿಡಿ, ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಮಕ್ಕಳನ್ನು ಮಲಗಿಸಬೇಡಿ, ಒಲೆಯನ್ನಂತೂ ಹಚ್ಚಲೇಬೇಡಿ. ಪ್ರವಾಸದಲ್ಲಿ ಒಲೆಯನ್ನು ಕೆಳಗಿಳಿಸಿ ಬಯಲಿನಲ್ಲೇ ಅಡುಗೆ ಮಾಡಿ, ಡ್ರೈವರ್ ಸೀಟಿನ ಪಕ್ಕ ಕೈಗೆ ಸಿಗುವಂತೆ ಒಂದು ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಹೊರಡಿ.