ರಕ್ತಾರ್ಬುದದ ಚಿಕಿತ್ಸೆಯೂ ಎರಡನೆಯ ವ್ಯಾಧಿಯೂ

ಮಕ್ಕಳಿಗೆ ಬರುವ ಅರ್ಬುದಗಳಲ್ಲಿ ರಕ್ತಾರ್ಬುದವೇ ಅಧಿಕ. ಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳು ಪಕ್ವವಾಗದೆ ಮಿತಿಮೀರಿ ಬೆಳೆಯುವುದೇ ಇದರ ಸ್ವರೂಪ. ಒಂದು ಕಾಲದಲ್ಲಿ ಇದು ಅಸಾಧ್ಯ ವ್ಯಾಧಿಯಾಗಿತ್ತು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ಎಂಬ ಔಷಧದಿಂದ ಅದು ತಾತ್ಕಾಲಿಕವಾಗಿ ಶಮನವಾಗುವುದನ್ನು ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ತಂಡದ ನಾಯಕರು ಆಂಧ್ರದ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರೆಂಬುದು ಭಾರತೀಯರಿಗೆ ಹೆಮ್ಮೆಯ ವಿಷಯ. ಇಂದು ಚಿಕಿತ್ಸೆಯನ್ನು ಪೂರ್ಣಗೊಳಿಸಿದ ಮಕ್ಕಳಲ್ಲಿ ಬಹುಮಂದಿ ಗುಣ ಹೊಂದುತ್ತಾರೆ.

ಈ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಔಷಧವು ರೋಗಕಣಗಳನ್ನು ನಾಶಮಾಡುವಾಗ ದೇಹವನ್ನು ಕಾಯುವ ಕಣಗಳನ್ನೂ ಕುಗ್ಗಿಸುತ್ತದೆ. ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸು ಬಹುತೇಕ ಎಲ್ಲರ ದೇಹವನ್ನೂ ಎಂಜಲಿನ ಮೂಲಕ ಸೇರಿ, ಜೀವನಪರ್ಯಂತ ಅಡಗಿರುತ್ತದೆ. 1964ರಲ್ಲಿ ಆಫ್ರಿಕದ ಮಕ್ಕಳ ಒಂದು ಬಗೆಯ ಗಡ್ಡೆಯಲ್ಲಿ ಇದು ಮೊದಲು ಕಂಡುಬಂದಿತು. ಕಾವಲು ಸಡಿಲವಾದಾಗ, ಈ ವೈರಸ್ಸು ಹೊಕ್ಕ ರಕ್ತಕಣಗಳು ಅಂಕೆಯಿಲ್ಲದೆ ವೃದ್ಧಿಗೊಂಡು ಲಿಂಫೋಮ ಎಂಬ ಎರಡನೆಯ ಅರ್ಬುದಕ್ಕೆ ಕಾರಣವಾಗಬಹುದು. ಇದು ಅತಿ ವಿರಳ. ಬಿಡದ ಜ್ವರ, ಕತ್ತು ಕಂಕುಳುಗಳಲ್ಲಿ ಗಂಟು, ತೂಕ ಇಳಿಯುವುದು ಕಂಡಲ್ಲಿ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಮಾಣವನ್ನು ತಗ್ಗಿಸಿಯೋ ಬೇರೆ ಔಷಧವನ್ನು ಕೊಟ್ಟೋ ಅದನ್ನು ಹತೋಟಿಗೆ ತರುವ ಮಾರ್ಗಗಳುಂಟು. ಆ ನಿರ್ಣಯ ವೈದ್ಯರದೇ ಹೊರತು ಮನೆಯವರದಲ್ಲ.

ಈ ಭಯಕ್ಕಿಂತ ದೊಡ್ಡ ಅಪಾಯವೆಂದರೆ ಚಿಕಿತ್ಸೆಯನ್ನು ನಡುವೆ ಬಿಡುವುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಯವರು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಮೈಸೂರನ್ನು ದಾಟಿ ದೂರ ಪಯಣಿಸಬೇಕು. ಕೂಲಿ ತಪ್ಪುತ್ತದೆ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಮನೆ ಬಿಡಲಾಗದು. ಮಗುವಿನ ಮುಖದಲ್ಲಿ ಕಳೆ ಬಂದೊಡನೆ ‘ಇನ್ನು ಸಾಕು’ ಎನಿಸುವುದು ಸಹಜ. ಆದರೆ ಅಡಗಿದ ರೋಗ ಮರುಕಳಿಸಿದರೆ ಗುಣಪಡಿಸುವುದು ಮೊದಲಿಗಿಂತ ಕಷ್ಟ.

ಇಲ್ಲಿಯೇ ಶಾಲೆಯ ಕರ್ತವ್ಯ ಮೊದಲಾಗುತ್ತದೆ. ರಕ್ತಾರ್ಬುದ ಅಂಟುರೋಗವಲ್ಲ, ಆ ಮಗುವನ್ನು ದೂರ ಕೂರಿಸಬೇಕಾಗಿಲ್ಲ. ಆದರೆ ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಥವಾ ದಡಾರ ಬಂದರೆ ಅಂದೇ ಅದರ ತಂದೆತಾಯಿಗಳಿಗೆ ತಿಳಿಸಬೇಕು. ದೀರ್ಘ ಗೈರುಹಾಜರಿಗಾಗಿ ಹಾಜರಿ ಪುಸ್ತಕದಿಂದ ಹೆಸರು ತೆಗೆಯದೆ, ಪಾಠವನ್ನು ಮನೆಗೆ ಮುಟ್ಟಿಸಬೇಕು. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಬಸ್ಸಿನ ವೆಚ್ಚವನ್ನು ವಹಿಸಿಕೊಂಡರೆ ಒಂದು ಚಿಕಿತ್ಸೆ ಪೂರ್ಣವಾದೀತು. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ, ಮಗುವೊಂದನ್ನು ಚಿಕಿತ್ಸೆಯ ಕೊನೆಯ ದಿನದವರೆಗೆ ನಡೆಸಿಕೊಂಡು ಹೋಗುವುದೂ ದಾಸೋಹವೇ.